ತಂತಿ ಇದ್ದರೆ ಸಾಲದು, ಒಪ್ಪಂದವೂ ಬೇಕು



ಇಂಟರ್‌ನೆಟ್ ನಿಂತ ಕೂಡಲೇ ನೀವು ರೂಟರಿನ ತಂತಿಯನ್ನು ಎಳೆದು ನೋಡುತ್ತೀರಿ, ಅಲ್ಲವೇ? ಎಷ್ಟೋ ಸಲ ದೋಷ ಇರುವುದು ತಂತಿಯಲ್ಲಲ್ಲ, ಅದರ ಎರಡು ತುದಿಗಳ ಒಪ್ಪಂದದಲ್ಲಿ. ಒಂದೇ ಕೈಯಿಂದ ಚಪ್ಪಾಳೆಯಾಗದು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ತಂತಿಯಲ್ಲಿ ಹರಿಯುವುದು ಬರೀ ಸೊನ್ನೆ-ಒಂದುಗಳ ಸಾಲು. ಮಾತು ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು, ನಡುವೆ ಕೆಟ್ಟಿತೇ ಎಂಬುದನ್ನು ತಿಳಿಸುವ ಕಟ್ಟಳೆಯೇ ಡೇಟಾ ಲಿಂಕ್ ಪ್ರೋಟೋಕಾಲ್. ಕಚೇರಿಗಳ ಲೀಸ್ಡ್ ಲೈನಿಗೆ ಎಚ್‌ಡಿಎಲ್‌ಸಿ, ಪಿಪಿಪಿ ಎಂಬೆರಡು ಹಳೆಯ ಕಟ್ಟಳೆಗಳಿವೆ. ಸಿಸ್ಕೋ ರೂಟರಿನ ಸೀರಿಯಲ್ ಪೋರ್ಟು ನಾವು ಬೇರೆ ಹೇಳದಿದ್ದರೆ ತನ್ನದೇ ಬಗೆಯ ಎಚ್‌ಡಿಎಲ್‌ಸಿಯನ್ನು ಹಿಡಿಯುತ್ತದೆ. ಆಚೆ ತುದಿಯಲ್ಲಿ ಬೇರೆ ಕಂಪನಿಯ ರೂಟರಿದ್ದರೆ ಸಾಮಾನ್ಯವಾಗಿ ಎರಡೂ ಕಡೆ ಪಿಪಿಪಿ ಇಡುತ್ತಾರೆ. ಒಂದೇ ಕಡೆ ಬದಲಿಸಿದರೆ, ಲೈನ್ ಚೆನ್ನಾಗಿದೆ, ಪ್ರೋಟೋಕಾಲ್ ಬಿದ್ದಿದೆ ಎಂದು ಪರದೆ ತೋರಿಸುತ್ತದೆ.

1994ರಲ್ಲಿ ಈಗಿನ ರೂಪ ಪಡೆದ ಪಿಪಿಪಿಯ ನಡೆ, ಮನೆಗೆ ಬಂದ ಅತಿಥಿಯ ನಡೆಯಂತೆ. ಮೊದಲು ಬಾಗಿಲಲ್ಲಿ ಮಾತುಕತೆ: ಎಷ್ಟು ದೊಡ್ಡ ಕಟ್ಟು ಕಳಿಸಬಹುದು ಇತ್ಯಾದಿ. ಆಮೇಲೆ ಗುರುತು. ಕೊನೆಗೆ ಪಂಕ್ತಿಯಲ್ಲಿ ಜಾಗ, ಅಂದರೆ ಐಪಿ ವಿಳಾಸ. ಗುರುತಿನಲ್ಲಿ ಎರಡು ಬಗೆ. ಪ್ಯಾಪ್ ಪಾಸ್‌ವರ್ಡನ್ನು ಇದ್ದಂತೆಯೇ ಕಳಿಸುತ್ತದೆ. ಚಾಪ್ ಆಚೆಯವರು ಕೇಳಿದ ಪ್ರಶ್ನೆಗೆ ಪಾಸ್‌ವರ್ಡಿನಿಂದ ಲೆಕ್ಕ ಮಾಡಿದ ಉತ್ತರವನ್ನಷ್ಟೇ ಕಳಿಸುತ್ತದೆ. ಆಯ್ಕೆ ನಿಮ್ಮದಾದರೆ ಚಾಪ್ ಮೇಲು.

ಇದರ ಮನೆಬಳಕೆಯ ರೂಪ, 1999ರಲ್ಲಿ ಪ್ರಕಟವಾದ ಪಿಪಿಪಿಒಇ. ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳು ಇದರ ಮೇಲೇ ನಡೆಯುತ್ತವೆ. ಆದರೆ ಎಲ್ಲವೂ ಅಲ್ಲ. ಆದ್ದರಿಂದ ಸಂಪರ್ಕ ಕೊಟ್ಟವರನ್ನು ಮೊದಲು ಕೇಳಿ. ಹೌದೆಂದರೆ ರೂಟರಿನ ವ್ಯಾನ್ ಪುಟದಲ್ಲಿ ಪಿಪಿಪಿಒಇ ಆರಿಸಿ, ಅವರು ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ತುಂಬಿ. ವಿಲ್ಯಾನ್ ಸಂಖ್ಯೆ ಕೊಟ್ಟಿದ್ದರೆ ಅದನ್ನೂ ಹಾಕಿ. ಎಂಟಿಯು ಸಾಮಾನ್ಯವಾಗಿ 1492. ಈಥರ್‌ನೆಟ್ಟಿನ 1500 ಬೈಟಿನಲ್ಲಿ 8 ಈ ಪ್ರೋಟೋಕಾಲಿನ ತಲೆಪಟ್ಟಿಗೇ ಹೋಗುತ್ತದೆ. ಇದು ತಪ್ಪಿದರೆ ಕೆಲವು ತಾಣ ತೆರೆದು, ಕೆಲವು ಅರ್ಧಕ್ಕೇ ನಿಲ್ಲುವುದುಂಟು. ಉಳಿಸಿದ ಮೇಲೆ ಅದೇ ಪುಟದಲ್ಲಿ ಐಪಿ ವಿಳಾಸ ಬಂದಿದೆಯೇ ನೋಡಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಮಾತು. ರೂಟರ್ ಜೋಡಿಸಿಕೊಟ್ಟು ನೀವು ಕೆಲಸಕ್ಕೆಂದು ಬೇರೆ ಊರಿಗೆ ಹೋಗುತ್ತೀರಿ. ಮನೆಯಲ್ಲಿ ಉಳಿದ ಹಿರಿಯರಿಗೆ ಬ್ಯಾಂಕು, ವೈದ್ಯರ ಅಪಾಯಿಂಟ್‌ಮೆಂಟು, ನಿಮ್ಮ ಮುಖ ಕಾಣುವುದು, ಎಲ್ಲವೂ ಆ ಪೆಟ್ಟಿಗೆಯ ಮೂಲಕವೇ. ಯಾರೋ ಹೇಳಿದರೆಂದು ಅವರು ಪಿನ್ನಿನಿಂದ ರಿಸೆಟ್ ಗುಂಡಿಯನ್ನು ಒತ್ತಿ ಹಿಡಿದರೆ ನೀವು ತುಂಬಿದ್ದೆಲ್ಲ ಅಳಿಸಿಹೋಗುತ್ತದೆ. ಸ್ವಿಚ್ ಆರಿಸಿ ಹಾಕುವುದು ಬೇರೆ, ರಿಸೆಟ್ ಬೇರೆ ಎಂದು ಅವರಿಗೆ ತಿಳಿಸಿ. ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಬೀರುವಿನಲ್ಲಿಡಿ. ಮುಂದಿನ ಸಲ ಊರಿಗೆ ಹೋದಾಗ ಅವರ ಕೈಯಿಂದಲೇ ಒಮ್ಮೆ ತುಂಬಿಸಿ ನೋಡಿ. ಅರ್ಧ ಗಂಟೆಯ ಕೆಲಸ, ಅವರಿಗೆ ವರ್ಷಗಟ್ಟಲೆಯ ನಿಶ್ಚಿಂತೆ.