ಎಲ್ಲರಿಗೂ ಒಂದೇ ಸಾಲು ಎಂದರೆ ಸಮಾನತೆಯೇ?

'ಕೊರೋನರ್' ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಕೊರೋನಾ ನೆನಪಾಗುತ್ತದೆ. ಆದರೆ ಇದು ಇಂಗ್ಲೆಂಡಿನಲ್ಲಿ 1194ರಿಂದ ಇರುವ ಹುದ್ದೆ. ಅಂದು ಪ್ರತಿ ಕೌಂಟಿಯಲ್ಲಿ ರಾಜನ ಹಿತ ಕಾಯುತ್ತಿದ್ದ ಈ ಅಧಿಕಾರಿ ಇಂದು ಸಾವಿನ ಸತ್ಯ ಹುಡುಕುವ ಸ್ವತಂತ್ರ ನ್ಯಾಯಾಧಿಕಾರಿ. ಸಾವು ಅಸಹಜವಾಗಿದ್ದರೆ, ಕಾರಣ ತಿಳಿಯದಿದ್ದರೆ ಅಥವಾ ಜೈಲಿನಲ್ಲಿ, ಪೊಲೀಸ್ ವಶದಲ್ಲಿ ಸಂಭವಿಸಿದ್ದರೆ ತನಿಖೆ ಮಾಡುವುದು ಅವರ ಕರ್ತವ್ಯ. ಸತ್ತವರು ಯಾರು, ಯಾವಾಗ, ಎಲ್ಲಿ, ಹೇಗೆ ಸತ್ತರು ಎಂಬ ನಾಲ್ಕು ಪ್ರಶ್ನೆಗಳಿಗೆ ಅವರು ಉತ್ತರ ಕಂಡುಕೊಳ್ಳಬೇಕು. ಅಪರಾಧಿ ಯಾರೆಂದು ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ಇಂಥದೇ ಸಾವು ಮತ್ತೆ ಆಗಬಹುದು ಎನಿಸಿದರೆ ಸಂಬಂಧಪಟ್ಟ ಸಂಸ್ಥೆಗೆ ವರದಿ ಕಳುಹಿಸುತ್ತಾರೆ. ಆ ಸಂಸ್ಥೆ 56 ದಿನಗಳೊಳಗೆ ಉತ್ತರಿಸಬೇಕು.

ಇಂಥ ಪ್ರಕರಣಗಳಲ್ಲಿ ಕೊರೋನರ್ ಬಿಟ್ಟುಕೊಡುವ ತನಕ ಮನೆಯವರಿಗೆ ಮಯ್ಯತ್ ಸಿಗುವುದಿಲ್ಲ. ತಡಮಾಡದೆ ದಫನ ಮಾಡಬೇಕೆಂಬುದು ನಮ್ಮ ಧರ್ಮದ ಸೂಚನೆ. ಯಹೂದಿಗಳಲ್ಲೂ ಹಾಗೆಯೇ. 2017ರಲ್ಲಿ ಉತ್ತರ ಲಂಡನ್‌ನ ಒಂದು ವಿಭಾಗದ ಹಿರಿಯ ಕೊರೋನರ್, ಧರ್ಮದ ಕಾರಣಕ್ಕೆ ಯಾವ ಸಾವಿಗೂ ಆದ್ಯತೆ ಇಲ್ಲ ಎಂಬ ನಿಯಮ ತಂದರು. ಯಹೂದಿಗಳ ದಫನ ಸಂಘವೊಂದು ಹೈಕೋರ್ಟಿಗೆ ಹೋಯಿತು. 2018ರ ಏಪ್ರಿಲ್ 27ರಂದು, ಸಿಖ್ಖರಾದ ನ್ಯಾಯಮೂರ್ತಿ ರಬಿಂದರ್ ಸಿಂಗ್ ಅವರಿದ್ದ ಪೀಠ ಆ ನಿಯಮ ಕಾನೂನುಬಾಹಿರ ಎಂದಿತು. ಯಹೂದಿಗಳು ಹೂಡಿದ ದಾವೆ, ಸಿಖ್ ನ್ಯಾಯಮೂರ್ತಿಯ ತೀರ್ಪು, ಪ್ರಯೋಜನ ಮುಸ್ಲಿಮರಿಗೂ!

ಎಲ್ಲರಿಗೂ ಒಂದೇ ಸಾಲು ಇದ್ದರೆ ತಪ್ಪೇನು ಎಂದು ಕೆಲವರು ಕೇಳಬಹುದು. ರೇಷನ್ ಅಂಗಡಿಯಲ್ಲಿ ಅದು ಸರಿ. ಆದರೆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಯಾರೂ ಟೋಕನ್ ನಂಬರ್ ನೋಡುವುದಿಲ್ಲ, ರೋಗಿಯ ಸ್ಥಿತಿ ನೋಡುತ್ತಾರೆ. ಧರ್ಮದ ಹೆಸರು ಹೇಳಿದವರೆಲ್ಲ ಮೊದಲು ಎಂದು ಕೋರ್ಟ್ ಕೂಡ ಹೇಳಲಿಲ್ಲ. ಕುಟುಂಬದ ನಂಬಿಕೆಯನ್ನೂ ಪರಿಗಣಿಸಿ ನಿರ್ಧರಿಸಿ ಎಂದಿತು. ನನಗೆ ಸಮಾನತೆಯ ಸರಿಯಾದ ಅರ್ಥ ಇದೇ ಅನಿಸುತ್ತದೆ.

ಆದರೆ ನಮ್ಮವರಿಗೂ ಒಂದು ಮಾತು ಹೇಳಬೇಕು. "ಪೋಸ್ಟ್‌ಮಾರ್ಟಮ್ ಬೇಡ, ಬೇಗ ದಫನ ಮಾಡೋಣ" ಎಂಬ ಅವಸರ ಎಲ್ಲ ಕಡೆಯೂ ಸಲ್ಲದು. ಲಾಕಪ್‌ನಲ್ಲಿ ಯುವಕ ಸತ್ತಾಗ, ಗಂಡನ ಮನೆಯಲ್ಲಿ ಸೊಸೆ ಸಂಶಯಾಸ್ಪದವಾಗಿ ಸತ್ತಾಗ ಅವಸರದಿಂದ ಲಾಭವಾಗುವುದು ತಪ್ಪು ಮಾಡಿದವನಿಗೆ. ಮಯ್ಯತ್‌ಗೆ ಗೌರವ ಕೊಡುವುದೆಂದರೆ ಬೇಗ ಮಣ್ಣು ಕೊಡುವುದಷ್ಟೇ ಅಲ್ಲ, ಸಾವಿನ ಸತ್ಯ ಹೊರಬರುವುದೂ ಹೌದು.

ನಮ್ಮ ದೇಶದಲ್ಲೂ 1871ರ ಕಾಯ್ದೆಯಂತೆ ಕಲ್ಕತ್ತಾ ಮತ್ತು ಬೊಂಬಾಯಿಯಲ್ಲಿ ಕೊರೋನರ್ ಇದ್ದರು. ಈಗ ಆ ಹುದ್ದೆ ಇಲ್ಲ. ಸಾಮಾನ್ಯವಾಗಿ ಪೊಲೀಸರೇ ಪಂಚನಾಮೆ ಮಾಡುತ್ತಾರೆ. ಪೊಲೀಸ್ ವಶದಲ್ಲಿ ಸಾವಾದರೆ ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಮರಣೋತ್ತರ ಪರೀಕ್ಷೆಗೆ ಅನುಮತಿ ನೀಡಿತು. ಕೊಲೆ, ಆತ್ಮಹತ್ಯೆಯಂಥ ಪ್ರಕರಣಗಳನ್ನು ಸಾಮಾನ್ಯವಾಗಿ ಇದರಿಂದ ಹೊರಗಿಟ್ಟಿದೆ. ಎಲ್ಲಿ ಬೇಗ ಮಾಡಬೇಕು, ಎಲ್ಲಿ ಅವಸರ ಕೂಡದು ಎಂಬ ಎರಡು ವಿವೇಕವೂ ಇದರಲ್ಲಿದೆ.

ಹಾಗಾಗಿ ನಾವು ಕೇಳಬೇಕಾದದ್ದು ಪರೀಕ್ಷೆಯಿಂದ ವಿನಾಯಿತಿಯಲ್ಲ. ತಾಲೂಕು ಆಸ್ಪತ್ರೆಯಲ್ಲೂ ಸಂಜೆ ವೈದ್ಯರಿರಲಿ, ಬೆಳಕಿರಲಿ, ಹೊರಗೆ ಕಾಯುವ ಮನೆಯವರಿಗೆ ಎಷ್ಟು ಹೊತ್ತಾಗುತ್ತದೆ ಎಂದು ಹೇಳುವವರೊಬ್ಬರಿರಲಿ. ಯಾವ ಧರ್ಮದ ಕುಟುಂಬಕ್ಕಾದರೂ ಇದು ಬೇಕಾದದ್ದೇ ಅಲ್ಲವೇ?