ಫೋಟೋ ತೆಗಿಯೋದೂ ಒಂದು ಓದೇನ್ ತಮ್ಮಾ?

ಚಿತ್ರರಸಿಕ ಮಿತ್ರರೇ, ಈ ವಾರ ಯಾವ ನಾಯಕಿಯ ಗುಟ್ಟೂ ಇಲ್ಲ. ಇರೋದು ಗುತ್ತಲದ ಸುದ್ದಿ!

ಮೊನ್ನೆ ಗುತ್ತಲ ಬಸ್‌ಸ್ಟ್ಯಾಂಡಿನಲ್ಲಿ ಹಾವೇರಿ ಬಸ್ಸಿಗೆ ಕಾಯುತ್ತ ಚಹಾ ಕುಡಿಯುತ್ತಿದ್ದೆ. ಪರಿಚಯದ ರೈತರೊಬ್ಬರು ಮಗನನ್ನು ಮುಂದೆ ತಳ್ಳಿಕೊಂಡು ಬಂದರು. ಹುಡುಗ ಎಸ್ಸೆಸ್ಸೆಲ್ಸಿ ಪಾಸು. ಕ್ಯಾಮೆರಾ ಹುಚ್ಚು.

“ನೀ ಸಿನಿಮಾ ಪತ್ರಿಕೆಗೆ ಬರಿಯಾಂವ. ಇವಂಗ ಒಂದೀಟು ಬುದ್ಧಿ ಹೇಳು. ಪಿಯುಸಿ ಒಲ್ಲೆ ಅಂತಾನ. ಫೋಟೋ ತೆಗಿಯೋದೂ ಒಂದು ಓದೇನ್ ತಮ್ಮಾ?”

ಬುದ್ಧಿ ಹೇಳೋಕೆ ನಾನೇ ಸಿಕ್ಕೆನೇ! ಪಿಯುಸಿ ಅರ್ಧಕ್ಕೇ ಬಿಟ್ಟ ಪುಣ್ಯಾತ್ಮ ನಾನು. ಫಿಸಿಕ್ಸ್ ಸರ್ ಮಸೂರದ ಪಾಠ ಮಾಡುವಾಗ ಕೊನೇ ಬೆಂಚಿನಲ್ಲಿ ಹೀರೋ ಚಿತ್ರ ಗೀಚುತ್ತಿದ್ದೆ. ಆಮೇಲೊಮ್ಮೆ ಬಾಡಿಗೆ ಕ್ಯಾಮೆರಾ ಹಿಡಿದು ಮದುವೆಯೊಂದಕ್ಕೆ ಹೋದೆ. ಮಂಟಪದಲ್ಲಿ ಬೆಳಕು ಕಡಿಮೆ. ಶಟರ್ 1/15 ಸೆಕೆಂಡಿನಲ್ಲಿತ್ತು. ತಾಳಿ ಕಟ್ಟುವ ಕೈ ಹೊಗೆಯಂತೆ ಮೂಡಿತು! ರೀಟೇಕ್ ತಗೊಳ್ಳೋಕೆ ಅದೇನು ಶೂಟಿಂಗೇ ಸ್ವಾಮಿ? ಹುಡುಗಿಯ ಅವ್ವ ಬೈಯಲಿಲ್ಲ. ಫೋಟೋ ಮಗುಚಿ ಇಟ್ಟು ಸುಮ್ಮನೆ ಒಳಗೆ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಎಫ್ 2.8ರಿಂದ ಎಫ್ 4ಕ್ಕೆ ಹೋದರೆ ಬೆಳಕು ಅರ್ಧವಾಗುತ್ತೆ ಅಂತ ಕಲಿತದ್ದು ಆ ರಾತ್ರಿ. ಬಿಟ್ಟು ಬಂದ ಪಾಠವೇ ಮತ್ತೆ ಎದುರಿಗೆ ನಿಂತಿತ್ತು!

“ಓದೇ ಕಾಕಾ,” ಅಂದೆ. ಮೈಸೂರಿನ ವಿ.ಕೆ. ಮೂರ್ತಿ ಕಥೆ ಹೇಳಿದೆ. ಬೆಂಗಳೂರಿನಲ್ಲಿ 1943ರಲ್ಲಿ ಶುರುವಾದ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ ಛಾಯಾಗ್ರಹಣ ಓದಿ, 1946ರಲ್ಲಿ ಡಿಪ್ಲೊಮಾ ಪಡೆದವರು. ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಸ್ಟುಡಿಯೋ ಒಳಕ್ಕೆ ತಿರುಗಿಸಿ ಬೆಳಕಿನ ಕಂಬವನ್ನೇ ನಿಲ್ಲಿಸಿದರು. ಕನ್ನಡದ ‘ಹೂವು ಹಣ್ಣು’ ಚಿತ್ರಕ್ಕೂ ಕ್ಯಾಮೆರಾ ಹಿಡಿದರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ‘ಕಾಡು’ (1973) ಚಿತ್ರೀಕರಿಸಿದ ಗೋವಿಂದ ನಿಹಲಾನಿ ಕಲಿತದ್ದೂ ಅದೇ ಸಂಸ್ಥೆಯಲ್ಲಿ.

ಆ ಕೋರ್ಸು ಆಮೇಲೆ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋಯಿತು. ಎಸ್ಸೆಸ್ಸೆಲ್ಸಿ ಆದಮೇಲೆ ಮೂರು ವರ್ಷದ ಡಿಪ್ಲೊಮಾ. ನನಗೆ ಹದಿನಾರರಲ್ಲಿ ಇದನ್ನು ಹೇಳುವವರೇ ಇರಲಿಲ್ಲ! ಇಂಗ್ಲೆಂಡಿನಲ್ಲಂತೂ ನಮ್ಮ ಪಿಯುಸಿ ವಯಸ್ಸಿನವರು ಗಣಿತ, ಇತಿಹಾಸದ ಹಾಗೆ ಫೋಟೋಗ್ರಫಿಯನ್ನೂ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಬರೀ ಚಿತ್ರ ಕೊಟ್ಟರೆ ಸಾಲದು. ಹೇಗೆ ತೆಗೆದೆ, ಯಾಕೆ ಹಾಗೆ ತೆಗೆದೆ ಅಂತಲೂ ಬರೆಯಬೇಕು.

ಹುಡುಗನಿಗೆ ಹೇಳಿದೆ: “ಅಂಗಳದಾಗ ಒಣಹಾಕಿದ ಬ್ಯಾಡಗಿ ಮೆಣಸಿನಕಾಯಿ ಫೋಟೋ ತೆಗಿ. ಬೆಳಿಗ್ಗೆ ಒಂದು, ನಡು ಮಧ್ಯಾಹ್ನ ಒಂದು, ಹೊತ್ತು ಮುಳುಗೋ ಮುಂಚೆ ಒಂದು. ಮೂರರಾಗೂ ಕೆಂಪು ಯಾಕ ಬ್ಯಾರೆ ಆತು ಅಂತ ನೋಟ್‌ಬುಕ್ಕಿನಾಗ ಬರಿ. ಬರಿಯೋಕ ಬ್ಯಾಸರಾದ್ರ ಈ ಹುಚ್ಚು ಬಿಡು.”

“ಅಂದ್ರ ಇದಕ್ಕೂ ಓದಬೇಕು, ಬರಿಬೇಕು!” ಅಪ್ಪನ ಮುಖ ಅರಳಿತು. ಹುಡುಗನ ಮುಖ ಸಣ್ಣದಾಯಿತು. ಅಷ್ಟರಲ್ಲಿ ಬಸ್ಸು ಬಂತು.

ಕ್ಯಾಮೆರಾ ಕನಸಿನ ಮಿತ್ರರೇ, ಈಗ ನಿಮ್ಮ ಮುಖ ಹೇಗಿದೆ? ಒಂದು ಕಾರ್ಡು ಬರೆಯಿರಿ!