ದಿಬ್ಬ ಇಳಿಯದ ಗೈಡುಗಳು

ಯುದ್ಧಭೂಮಿಗಳನ್ನು ಸುತ್ತುವುದು ನನ್ನ ಬಹುದಿನದ ಹವ್ಯಾಸ. ಸುತ್ತುವುದೆಂದರೆ ಕುರ್ಚಿಯಲ್ಲಿ ಕುಳಿತು, ಟೀವಿಯಲ್ಲಿ. ಬಿ.ಎ.ಯಲ್ಲಿ ಇತಿಹಾಸ ಓದಿ, ಬಿ.ಎಡ್. ಮುಗಿಸಿ, ಮೂವತ್ತು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಅದನ್ನೇ ಪಾಠ ಹೇಳಿಕೊಂಡು ಬಂದಿರುವ ನನ್ನಂಥವಳಿಗೆ ಬೆಲ್ಜಿಯಂ, ಫ್ರಾನ್ಸುಗಳಿಗೆ ಹೋಗುವ ಯೋಗ ಎಲ್ಲಿಂದ ಬರಬೇಕು? ರಾತ್ರಿ ಅಡಿಗೆಮನೆ ಒರೆಸಿ, ಉತ್ತರಪತ್ರಿಕೆಗಳ ಕಟ್ಟು ಪಕ್ಕಕ್ಕಿಟ್ಟು ಕುಳಿತರೆ ಗೈಡು ತಾನೇ ಮನೆಗೆ ಬರುತ್ತಾನೆ. ಕೈಯಲ್ಲೊಂದು ನಕಾಶೆ, ಕಾಲಿಗೆ ಮಣ್ಣು ಮೆತ್ತಿದ ಬೂಟು. "ಧಾರಾವಾಹಿ ನೋಡೋ ಹೊತ್ತಲ್ಲಿ ಇದೇನೇ ನಿನ್ನ ಹೊಡೆದಾಟ?" ಎಂದು ನಮ್ಮ ಯಜಮಾನರು ಗೊಣಗುತ್ತಾರೆ. ಧಾರಾವಾಹಿಯಲ್ಲಿರುವಷ್ಟು ಹೊಡೆದಾಟ ಇದರಲ್ಲಿಲ್ಲ ಎಂದು ನಾನು ಸಮಾಧಾನ ಹೇಳುತ್ತೇನೆ.

ಈ ಗೈಡುಗಳಿಂದ ಕಲಿತದ್ದು ಕಡಿಮೆಯೇನಲ್ಲ. ರಿಚರ್ಡ್ ಹೋಮ್ಸ್ ಎಂಬ ಇತಿಹಾಸಕಾರರು 1996ರಲ್ಲಿ ಬಿಬಿಸಿಗಾಗಿ 'ವಾರ್ ವಾಕ್ಸ್' ಎಂಬ ಸರಣಿ ಮಾಡಿದರು. ಹಳೆಯ ಕಾಳಗದ ನೆಲದಲ್ಲಿ ನಡೆದಾಡುತ್ತಲೇ ಆ ಕಾಳಗದ ಕಥೆ ಹೇಳುವ ಕ್ರಮ ಅದು. 2004ರಲ್ಲಿ ಪೀಟರ್ ಸ್ನೋ, ಡಾನ್ ಸ್ನೋ ಎಂಬ ತಂದೆ ಮಕ್ಕಳು ಕಂಪ್ಯೂಟರ್ ಚಿತ್ರಗಳನ್ನು ಸೇರಿಸಿ ಅದೇ ಬಗೆಯ 'ಬ್ಯಾಟಲ್‌ಫೀಲ್ಡ್ ಬ್ರಿಟನ್' ಮಾಡಿದರು. ವಾಟರ್ಲೂವಿನಲ್ಲಿ ವೆಲಿಂಗ್ಟನ್ ತನ್ನ ಸೈನ್ಯದ ಬಹುಭಾಗವನ್ನು ದಿಣ್ಣೆಯ ಹಿಂದಿನ ಇಳಿಜಾರಿನಲ್ಲಿ ಮಲಗಿಸಿ ಫಿರಂಗಿ ಗುಂಡಿನಿಂದ ಕಾಪಾಡಿದ್ದು, ಹಿಂದಿನ ರಾತ್ರಿಯ ಮಳೆಯ ಕೆಸರು ನೆಪೋಲಿಯನ್ನನ ಕೈ ಕಟ್ಟಿದ್ದು, ಇವನ್ನೆಲ್ಲ ನಮ್ಮ ಪಠ್ಯಪುಸ್ತಕ ಹೇಳುವುದಿಲ್ಲ. ಅಲ್ಲಿರುವುದು ಕಾರಣಗಳು, ಘಟನೆಗಳು, ಪರಿಣಾಮಗಳು; ಒಂದೊಂದಕ್ಕೆ ಎರಡೆರಡು ಅಂಕ. ನೆಲದ ಏರುತಗ್ಗು ಚರಿತ್ರೆಯನ್ನು ಹೇಗೆ ತಿರುಗಿಸುತ್ತದೆ ಎಂಬುದನ್ನು ನನಗೆ ಕಲಿಸಿದ್ದು ಟೀವಿ. ಆ ಋಣ ಇಟ್ಟುಕೊಂಡೇ ಈ ಜಗಳಕ್ಕೆ ನಿಂತಿದ್ದೇನೆ.

ನನ್ನ ತಕರಾರು ಇಷ್ಟೆ. ಈ ಗೈಡುಗಳು ದಿಬ್ಬದ ಮೇಲೆ ಹತ್ತುತ್ತಾರೆ, ಕೆಳಗಿಳಿಯುವುದಿಲ್ಲ. ಕಾಳಗದ ದಿನ ಸೂರ್ಯ ಮುಳುಗಿದೊಡನೆ ಅವರ ಕಾರ್ಯಕ್ರಮವೂ ಮುಗಿಯುತ್ತದೆ. ಮಾರನೆಯ ದಿನ ಬೆಳಗಾಗುವುದೇ ಇಲ್ಲ.

ದಿಬ್ಬ ಎಂದದ್ದು ಬರಿಯ ಮಾತಿಗಲ್ಲ. ವಾಟರ್ಲೂವಿಗೆ ಹೋದ ಕ್ಯಾಮೆರಾ ತಪ್ಪದೆ ಹತ್ತುವ ಸಿಂಹದ ದಿಬ್ಬವೊಂದಿದೆ. ಸುಮಾರು 40 ಮೀಟರ್ ಎತ್ತರ, 226 ಮೆಟ್ಟಿಲು, ತುದಿಯಲ್ಲಿ ಎರಕದ ಸಿಂಹ. ಅಲ್ಲಿ ನಿಂತರೆ ಇಡೀ ರಣರಂಗ ಚದುರಂಗದ ಮಣೆಯಂತೆ ಕಾಣುತ್ತದೆ. ಆದರೆ ಕಾಳಗ ನಡೆದ 1815ರ ಜೂನ್ 18ರಂದು ಅಲ್ಲಿ ಆ ದಿಬ್ಬವೇ ಇರಲಿಲ್ಲ! ನೆದರ್ಲೆಂಡ್ಸಿನ ರಾಜ ತನ್ನ ಮಗನ ಭುಜಕ್ಕೆ ಗುಂಡು ತಗಲಿದ ಜಾಗದ ನೆನಪಿಗೆಂದು ಅದನ್ನು ಕಟ್ಟಿಸಿದ, ಮುಗಿದದ್ದು 1826ರಲ್ಲಿ. ಮಣ್ಣು ಬಂದದ್ದೆಲ್ಲಿಂದ? ಸೈನಿಕರು ಹೊಡೆದಾಡಿ ಸತ್ತ ಅದೇ ದಿಣ್ಣೆಯಿಂದ. ಒಬ್ಬ ರಾಜಕುಮಾರನ ಗಾಯವನ್ನು ನೆನೆಯಲು ಸಾವಿರಾರು ಜನ ಸತ್ತ ನೆಲವನ್ನು ಕೆರೆದು ಗುಡ್ಡೆ ಹಾಕಿದರು. ಗೈಡು ಆ ಗುಡ್ಡೆಯ ಮೇಲೆ ನಿಂತು ಕೈಚಾಚಿ, "ಇಲ್ಲಿಂದ ಎಲ್ಲವೂ ಕಾಣುತ್ತದೆ" ಎನ್ನುತ್ತಾನೆ. ದೂರದ ಬೆಟ್ಟ ನುಣ್ಣಗೆ ಎಂಬುದು ನಮ್ಮ ಗಾದೆ. ಬೆಟ್ಟದ ಮೇಲಿಂದ ನೋಡಿದರೆ ಬಯಲೂ ನುಣ್ಣಗೇ ಕಾಣುತ್ತದೆ.

ಕೆಳಗಿಳಿದರೆ ಏನು ಕಾಣುತ್ತಿತ್ತು? ಆ ಜೂನ್ ತಿಂಗಳಲ್ಲಿ ಹೊಲಗಳ ತುಂಬ ರೈ ಧಾನ್ಯದ ಪೈರು ಎದೆಮಟ್ಟ ನಿಂತಿತ್ತು. ಒಂದೇ ಹಗಲಿನಲ್ಲಿ ಕುದುರೆ, ಕಾಲಾಳು, ಫಿರಂಗಿ ಎಲ್ಲ ಸೇರಿ ಅದನ್ನು ತುಳಿದುಹಾಕಿದವು. ಬಾಣದ ಗುರುತು ಹಾಕಿ ಅಶ್ವದಳದ ದಾಳಿಯನ್ನು ತೋರಿಸುವ ಯಾವ ಗೈಡೂ ಆ ಪೈರು ಯಾರದು, ಆ ವರ್ಷ ಅವರು ಏನು ತಿಂದರು ಎಂದು ಕೇಳಿದ್ದನ್ನು ನಾನು ನೋಡಿಲ್ಲ. ಸತ್ತವರ ಬಾಯಿಂದ ಕಿತ್ತ ಹಲ್ಲುಗಳು ಇಂಗ್ಲೆಂಡಿನಲ್ಲಿ ಕಟ್ಟುಹಲ್ಲಿನ ಸೆಟ್ಟುಗಳಾಗಿ ಮಾರಾಟವಾದವು; ಅಂಥವಕ್ಕೆ 'ವಾಟರ್ಲೂ ಹಲ್ಲು' ಎಂದೇ ಹೆಸರು ಬಿತ್ತು. ಅಷ್ಟು ಜನ ಸತ್ತ ನೆಲದಲ್ಲಿ ಪೂರ್ತಿ ಅಸ್ಥಿಪಂಜರಗಳು ಸಿಕ್ಕಿರುವುದು ಬೆರಳೆಣಿಕೆಯಷ್ಟು. ಉಳಿದವು ಎಲ್ಲಿ ಹೋದವು? ಹಳೆಯ ಯುದ್ಧಭೂಮಿಗಳನ್ನು ಅಗೆದು ನೋಡುವ ಗ್ಲ್ಯಾಸ್ಗೋ ವಿಶ್ವವಿದ್ಯಾಲಯದ ಟೋನಿ ಪೊಲಾರ್ಡ್ ಅವರು ಹಳೆಯ ಪತ್ರಗಳನ್ನೂ ಪತ್ರಿಕೆಗಳನ್ನೂ ಜಾಲಾಡಿ, ಮೂಳೆಗಳನ್ನು ಅಗೆದು ಪುಡಿಮಾಡಿ ಗೊಬ್ಬರಕ್ಕೆ ಬಳಸಿರುವ ಸಂಭವವೇ ಹೆಚ್ಚು ಎಂದು 2022ರಲ್ಲಿ ಬರೆದರು. ನೆಪೋಲಿಯನ್ನನ ಸೇನಾಪತಿಗಳ ಹೆಸರುಗಳನ್ನು ಸ್ತೋತ್ರದಂತೆ ಹೇಳುವವರು ಇದಕ್ಕೆ ಎರಡು ನಿಮಿಷ ಕೊಡಲಾರರೆ?

ಸೊಮ್ ನದಿಯ ಕಾಳಗಕ್ಕೆ ಬಂದರೂ ಇದೇ ಪಾಡು. 1916ರ ಜುಲೈ 1ರಂದು, ಮೊದಲನೆಯ ಒಂದೇ ದಿನ, ಬ್ರಿಟಿಷ್ ಸೈನ್ಯದಲ್ಲಿ 19,240 ಜನ ಸತ್ತರು. ಈ ಸಂಖ್ಯೆಯನ್ನು ಗೈಡು ತಗ್ಗಿದ ದನಿಯಲ್ಲಿ ಹೇಳುತ್ತಾನೆ, ಹಿನ್ನೆಲೆಯಲ್ಲಿ ಪಿಟೀಲು ಅಳುತ್ತದೆ, ಅಲ್ಲಿಗೆ ಮುಗಿಯಿತು. ಅಲ್ಲಿನ ರೈತರು ನೇಗಿಲು ಹಾಕಿದಾಗ ಇವತ್ತಿಗೂ ಸಿಡಿಯದ ಗುಂಡುಗಳು ಮೇಲೆ ಬರುತ್ತವೆ. ಅವನ್ನು ರಸ್ತೆಬದಿಗಿಟ್ಟು ಸರಕಾರದವರು ಬಂದು ಒಯ್ಯಲೆಂದು ಕಾಯುತ್ತಾರೆ. 'ಕಬ್ಬಿಣದ ಸುಗ್ಗಿ' ಎಂದು ಅದಕ್ಕೆ ಹೆಸರು. ವರ್ಡನ್ ಬಳಿಯ ಫ್ಲೂರಿ ಎಂಬ ಹಳ್ಳಿ ಅದೇ 1916ರಲ್ಲಿ ನೆಲಸಮವಾದದ್ದು ಮತ್ತೆ ಏಳಲೇ ಇಲ್ಲ. ಜನರಿಲ್ಲದ ಆ ಊರಿಗೆ ಫ್ರಾನ್ಸ್ ಸರಕಾರ ಇಂದಿಗೂ ಒಬ್ಬ ಮೇಯರನ್ನು ನೇಮಿಸುತ್ತದೆ. ನೂರು ವರ್ಷ ಕಳೆದರೂ ಮುಗಿಯದ ಯುದ್ಧವನ್ನು ಒಂದು ಗಂಟೆಯಲ್ಲಿ ಮುಗಿಸುವ ಕೌಶಲಕ್ಕೆ ಏನೆನ್ನಬೇಕು?

ಇದು ಪರದೇಶದವರ ರೋಗ ಎಂದು ನಾವು ಬೀಗಬೇಕಾಗಿಲ್ಲ. ವಾಟರ್ಲೂವಿನಲ್ಲಿ ಗೆದ್ದ ವೆಲಿಂಗ್ಟನ್ನನೇ ಅದಕ್ಕೆ ಹದಿನಾರು ವರ್ಷ ಮೊದಲು, ಇನ್ನೂ ಆರ್ಥರ್ ವೆಲ್ಲೆಸ್ಲಿಯಾಗಿದ್ದಾಗ, ನಮ್ಮ ಶ್ರೀರಂಗಪಟ್ಟಣದಲ್ಲಿದ್ದ. ನಾನು ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತೇನೆ. ಅಲ್ಲಿನ ಗೈಡುಗಳದೂ ಇದೇ ಪಲ್ಲವಿ: ಇಗೋ ಕೋಟೆ ಒಡೆದ ಜಾಗ, ಇಗೋ ಟಿಪ್ಪು ಬಿದ್ದ ಜಾಗ, ಇಗೋ ಸೆರೆಮನೆ, 1799ರ ಮೇ 4, ಮಧ್ಯಾಹ್ನ ಒಂದು ಗಂಟೆ. ಒಂದು ಸಲ ಹತ್ತಿರದ ಹಳ್ಳಿಯ ಒಬ್ಬ ಹುಡುಗಿ, "ಆಗ ಗದ್ದೇಲಿ ಏನು ಬೆಳೆ ಇತ್ತು ಮೇಡಂ?" ಎಂದು ಕೇಳಿದಳು. ಗೈಡು ನಕ್ಕುಬಿಟ್ಟ. ನಗುವ ಪ್ರಶ್ನೆಯೇನಲ್ಲ ಅದು. ಬೇಸಾಯದ ಮನೆಯ ಮಗು ಸೈನ್ಯ ಬಂತು ಎಂದರೆ ಮೊದಲು ಕೇಳಬೇಕಾದ್ದು ಅದನ್ನೇ.

ಯುದ್ಧವನ್ನು ಹೊತ್ತವರು ಯಾರು ಎಂದು ನೋಡಿದರೆ ಗೈಡುಗಳ ಪಟ್ಟಿಯಲ್ಲಿಲ್ಲದ ಹೆಸರುಗಳೇ ಸಿಗುತ್ತವೆ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು, ಹೊಡೆದಾಟದಲ್ಲಿ ಮೇಲುಗೈ ಸಾಧಿಸಿಯೂ ಹಿಂದಕ್ಕೆ ಹೋದ. ಮೇವಿಲ್ಲದೆ ಎತ್ತುಗಳು ಸತ್ತಿದ್ದವು. ಎಳೆಯುವವರಿಲ್ಲದೆ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹೋಗಬೇಕಾಯಿತು. ಮರುವರ್ಷ ಅವನ ಸೈನ್ಯಕ್ಕೆ ದವಸ ಹೊತ್ತು ತಂದವರಲ್ಲಿ ಮುಖ್ಯರು ಎತ್ತಿನ ಹಿಂಡು ಕಟ್ಟಿಕೊಂಡು ಊರೂರು ಅಲೆಯುತ್ತಿದ್ದ ಬಂಜಾರರು, ನಮ್ಮ ಲಂಬಾಣಿಗಳ ಹಿರಿಯರು. ಕಾರ್ನ್‌ವಾಲಿಸ್‌ನ ಹೆಸರು ಎಲ್ಲ ಪಠ್ಯದಲ್ಲಿದೆ. ಆ ಎತ್ತುಗಳ ಕೊರಳಗಂಟೆಯ ಸದ್ದು ಯಾವ ಕಾರ್ಯಕ್ರಮದಲ್ಲೂ ಕೇಳಿಸುವುದಿಲ್ಲ.

ಮಾರನೆಯ ದಿನದ ಗೈಡು ಒಬ್ಬನಿದ್ದ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ. ಕೋಟೆ ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರಕಾರ ಅವನನ್ನು ಮೈಸೂರು ಸೀಮೆಗೆ ಕಳಿಸಿತು. ಅವನು ಕಂಪನಿಯ ನೌಕರನೇ, ಅವನ ಕಣ್ಣಿಗೆ ಕಂಪನಿಯ ಕನ್ನಡಕವೂ ಇತ್ತು. ಆದರೂ ಊರೂರಿನಲ್ಲಿ ನಿಂತು ನೇಗಿಲೆಷ್ಟು, ಬಿತ್ತನೆಯೆಷ್ಟು, ಮಗ್ಗವೆಷ್ಟು, ಕೂಲಿಯೆಷ್ಟು ಎಂದು ಕೇಳಿ ಬರೆದುಕೊಂಡ. ಆ ಹಿಂದಿನ ಯುದ್ಧದಲ್ಲಿ ಪರಶುರಾಮ ಭಾವುವಿನ ಮರಾಠಾ ಸೈನ್ಯ ಹಾದುಹೋದ ಊರುಗಳು ಹಾಳಾದದ್ದು, ಓಡಿಹೋದ ಜನ ಹಸಿವಿನಿಂದ ಸತ್ತದ್ದು, ಶ್ರೀರಂಗಪಟ್ಟಣದ ಜನಸಂಖ್ಯೆ ಇಳಿದುಹೋದದ್ದು, ಎಲ್ಲವೂ ಅವನ ಪುಸ್ತಕದಲ್ಲಿದೆ. 1807ರಲ್ಲಿ ಅಚ್ಚಾದ ಪುಸ್ತಕ. ಅದನ್ನು ಕೈಯಲ್ಲಿ ಹಿಡಿದು ಮೈಸೂರಿನಿಂದ ಶಿರಾವರೆಗೆ ಹೋಗಿಬರುವ ಒಂದು ಟೀವಿ ಪ್ರವಾಸವನ್ನು ಯಾರಾದರೂ ಮಾಡಬಾರದೆ?

ಇಂಗ್ಲಿಷರನ್ನಷ್ಟೇ ಬೈದರೆ ಲೆಕ್ಕ ಸರಿಹೋಗದು. ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗದ ಚಿತ್ರವಿದೆ. ಅಲ್ಲಿ ಗೆದ್ದವರು ನಮ್ಮವರು. ಸೋತ ಬೈಲಿ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿ ಕುಳಿತಿದ್ದಾನೆ. ಟಿಪ್ಪು ಆನೆಯಷ್ಟು ನಿರಾಳವಾಗಿ ಹೂವು ಮೂಸುತ್ತಿದ್ದಾನೆ. ಗೆದ್ದವನ ಚಿತ್ರದಲ್ಲಿ ಎಂದೂ ಹೆಣದ ವಾಸನೆ ಇರುವುದಿಲ್ಲ, ಅದನ್ನು ಯಾವ ದೇಶದವರೇ ಬರೆಸಲಿ. ಕೋಣಗಳೆರಡು ಕಾದಾಡಿದರೆ ಸಾಯುವುದು ಗಿಡ ಎಂದು ತಿಳಿದವರು ಹೇಳಿದ್ದಾರೆ. ಚಿತ್ರ ಬರೆಸಿಕೊಳ್ಳುವುದು ಮಾತ್ರ ಕೋಣಗಳು.

"ಇದೆಲ್ಲ ಸಾಮಾಜಿಕ ಇತಿಹಾಸವಾಯಿತು, ಯುದ್ಧದ ಕಾರ್ಯಕ್ರಮದಲ್ಲಿ ಯುದ್ಧವನ್ನೇ ತಾನೆ ತೋರಿಸಬೇಕು?" ಎನ್ನುವ ಪಂಡಿತರಿದ್ದಾರೆ. ಸತ್ತ ಎತ್ತು ಸಾಮಾಜಿಕ ಇತಿಹಾಸ, ಅದು ಎಳೆಯಬೇಕಾಗಿದ್ದ ಫಿರಂಗಿ ಮಾತ್ರ ಯುದ್ಧ ಎಂಬ ವಿಂಗಡಣೆ ನನಗೆ ತಿಳಿಯದು. "ಜನ ನೋಡುವುದಿಲ್ಲ" ಎಂಬುದು ಎರಡನೆಯ ವಾದ. ಕನ್ನಡಿಗರಾದ ನಾವಂತೂ ಇದನ್ನು ಒಪ್ಪಲಾಗದು. ರನ್ನ ಸಾವಿರ ವರ್ಷದ ಹಿಂದೆಯೇ ಒಂದು ಯುದ್ಧಭೂಮಿ ಪ್ರವಾಸವನ್ನು ಬರೆದಿಟ್ಟಿದ್ದಾನೆ. ಅದರಲ್ಲಿ ಗೈಡು ಸಂಜಯ, ಪ್ರವಾಸಿ ದುರ್ಯೋಧನ. ಎತ್ತರದಲ್ಲಿ ನಿಂತು ಕೈತೋರಿಸುವ ಸುಖ ಅಲ್ಲಿಲ್ಲ. ನೆತ್ತರಿನ ಕೆಸರಿನಲ್ಲಿ, ಹೆಣಗಳ ನಡುವೆ, ಗದೆಯನ್ನೂರಿ ತಡವರಿಸುತ್ತ ಅರಸ ನಡೆಯಬೇಕು. ದ್ರೋಣ, ದುಶ್ಶಾಸನ, ಕರ್ಣರ ಹೆಣಗಳ ಮುಂದೆ ಒಂದೊಂದು ಸಲ ನಿಂತು ಅಳಬೇಕು. ಹಗೆಯ ಮಗ ಅಭಿಮನ್ಯುವಿನ ಮುಂದೆಯೂ ಕೈಮುಗಿಯಬೇಕು. ಅದನ್ನು ಹತ್ತು ಶತಮಾನ ಜನ ಓದಿದ್ದಾರೆ, ಕೇಳಿದ್ದಾರೆ, ಪಾಠವಾಗಿ ಕಲಿತಿದ್ದಾರೆ.

ಆಗದು ಎನ್ನುವವರಿಗೆ ಆಗುತ್ತಿರುವುದನ್ನೇ ತೋರಿಸಬಹುದು. 'ವಾಟರ್ಲೂ ಅನ್‌ಕವರ್ಡ್' ಎಂಬ ಸಂಸ್ಥೆ 2015ರಿಂದ ಅದೇ ನೆಲವನ್ನು ಅಗೆದು ನೋಡುತ್ತಿದೆ. ಅಗೆಯುವವರಲ್ಲಿ ಇತ್ತೀಚಿನ ಯುದ್ಧಗಳಲ್ಲಿ ಮೈಗೆ, ಮನಸ್ಸಿಗೆ ಗಾಯವಾದ ಮಾಜಿ ಸೈನಿಕರೂ ಇದ್ದಾರೆ. ವೆಲಿಂಗ್ಟನ್ನನ ಗಾಯಾಳುಗಳನ್ನು ಸಾಗಿಸಿದ್ದ ಮಾಂ ಸಾಂ ಜಾನ್ ಎಂಬ ತೋಟದ ಮನೆಯ ಬಳಿ ಅವರಿಗೆ ಕತ್ತರಿಸಿ ಹಾಕಿದ ಕಾಲುಗಳ ಮೂಳೆಗಳು ಸಿಕ್ಕಿವೆ. ಗಾಯವೆಂದರೇನೆಂದು ಬಲ್ಲ ಕೈಗಳು ಅವನ್ನು ಮಣ್ಣಿನಿಂದ ಎತ್ತುವುದಕ್ಕಿಂತ ದೊಡ್ಡ ಇತಿಹಾಸ ಪಾಠ ಬೇರೆ ಬೇಕೆ?

ಹಳೆಯ ಕಾಳಗಗಳ ಮಾತಿಗೆ ಇಷ್ಟೊಂದು ಕಾವೇಕೆ ಎಂದು ಕೇಳಬಹುದು. ಯುದ್ಧವನ್ನು ನೋಡುವ ಅಭ್ಯಾಸ ನಮಗೆ ಆಗುವುದು ಈ ಹಳೆಯ ಕಾಳಗಗಳಿಂದಲೇ. 2025ರ ಮೇ ತಿಂಗಳ ಆ ನಾಲ್ಕು ದಿನಗಳನ್ನು ನೆನಪಿಸಿಕೊಳ್ಳಿ. ಪರದೆಯ ತುಂಬ ಅದೇ ನಕಾಶೆ, ಅದೇ ಕೆಂಪು ಬಾಣಗಳು. ಸುದ್ದಿ ಓದುವವರ ಮುಖದಲ್ಲಿ ಕ್ರಿಕೆಟ್ಟಿನ ಹುರುಪು. ಕಾರ್ಯಕ್ರಮಗಳಲ್ಲಿ ವಾಯುದಾಳಿಯ ಸೈರನ್ ಸದ್ದು ಬಳಸಬೇಡಿ ಎಂದು ಕೇಂದ್ರ ಸರಕಾರವೇ ವಾಹಿನಿಗಳಿಗೆ ಸೂಚನೆ ಕೊಡಬೇಕಾಯಿತು. ನಮ್ಮ ಬೀದಿಯಲ್ಲಿ ಒಬ್ಬಾಕೆಯ ಮಗ ಸೈನ್ಯದಲ್ಲಿದ್ದಾನೆ. ಆಕೆ ಟೀವಿ ಆರಿಸಿ ನಮ್ಮ ಜಗಲಿಗೆ ಬಂದು ಕೂತು, "ಆ ಬಾಣದೊಳಗೆ ನನ್ನ ಮಗ ಎಲ್ಲವ್ನೆ ಟೀಚರಮ್ಮ?" ಎಂದಳು. ದಿಬ್ಬದ ಮೇಲೆ ನಿಂತು ಯುದ್ಧ ನೋಡಲು ಕಲಿತವರ ಬಳಿ ಆ ಪ್ರಶ್ನೆಗೆ ಉತ್ತರವಿಲ್ಲ. ಪ್ರಶ್ನೆಯೇ ಅವರಿಗೆ ಕೇಳಿಸುವುದಿಲ್ಲ.

ಆದ್ದರಿಂದ ಕಾರ್ಯಕ್ರಮ ಮಾಡುವವರಲ್ಲಿ, ಪಠ್ಯ ಬರೆಯುವವರಲ್ಲಿ, ಕೋಟೆ ತೋರಿಸುವವರಲ್ಲಿ ನನ್ನ ಕೇಳಿಕೆ ದೊಡ್ಡದೇನಲ್ಲ. ಸೇನಾಪತಿ ಎಲ್ಲಿ ನಿಂತಿದ್ದ ಎಂದು ತೋರಿಸಿ, ಬೇಡವೆನ್ನುವುದಿಲ್ಲ. ಅವನ ಕುದುರೆಗೆ ಹುಲ್ಲು ಯಾರ ಹೊಲದಿಂದ ಬಂತೆಂದೂ ಹೇಳಿ. ಬಾವಿಯ ನೀರು ಎಂದು ತಿಳಿಯಾಯಿತು, ಮತ್ತೆ ನೇಗಿಲು ಕಟ್ಟಿದ್ದು ಯಾವ ವರ್ಷ, ಮನೆಗೆ ಬಾರದವನ ಹೆಂಡತಿ ಎಷ್ಟು ದಿನ ಕಾದಳು ಎಂದು ಹುಡುಕಿ ಹೇಳಿ. ದಾಖಲೆ ಇದ್ದಲ್ಲಿ ದಾಖಲೆ ತೋರಿಸಿ, ಇಲ್ಲದಲ್ಲಿ ಇಲ್ಲವೆಂದೇ ಹೇಳಿ. ಒಂದು ಗಂಟೆಯ ಕಾರ್ಯಕ್ರಮದಲ್ಲಿ ಮಾರನೆಯ ದಿನಕ್ಕೆ ಹದಿನೈದು ನಿಮಿಷ ಕೊಟ್ಟರೆ ಯಾವ ಸಾಮ್ರಾಜ್ಯವೂ ಮುಳುಗುವುದಿಲ್ಲ. ಮುಳುಗಬೇಕಾದವು ಮುಳುಗಿ ಬಹಳ ವರ್ಷವಾಯಿತು.